ಎಂಜಿನ್ ಒಳಗಿನ ಉರಿ ತೋರಿಸಿದ ಮಂಜುಳಾ

ಅರಸೀಕೆರೆಯ ಜಾವಗಲ್ ರಸ್ತೆಯಲ್ಲಿ ಮಂಜುಳಾ ಗ್ಯಾರೇಜು ತೆರೆದದ್ದು 1997ರಲ್ಲಿ. ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಓದಿದ ಅವಳ ತಂಡದಲ್ಲಿ ಹೆಣ್ಣು ಅವಳೊಬ್ಬಳೇ. ಮೊದಲ ವರ್ಷ ಬಂದದ್ದೆಲ್ಲ ಪಂಕ್ಚರಾದ ಸೈಕಲ್ಲುಗಳು. ಟ್ಯಾಕ್ಸಿ ಸ್ಟ್ಯಾಂಡಿನವರು ನಕ್ಕಾಗ ಅವಳು ಬೋರ್ಡಿನ ಮೇಲಿದ್ದ ‘ಕಾರು ರಿಪೇರಿ’ಯನ್ನು ಇನ್ನೂ ದಪ್ಪ ಅಕ್ಷರದಲ್ಲಿ ಬರೆಸಿದಳು.

ಅವಳನ್ನು ನಂಬಿ ಕಾರು ತಂದ ಮೊದಲ ಡ್ರೈವರ್ ತಮ್ಮಯ್ಯ. ಮಾಲೀಕ ಗೋಪಾಲಸ್ವಾಮಿಯವರ ಅಂಬಾಸಡರ್ ಕಾರಿನಲ್ಲಿ ಅವನು ಪ್ರವಾಸಿಗರನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ಯುತ್ತಿದ್ದ. 1999ರಲ್ಲಿ ಆ ಕಾರು ಕಪ್ಪು ಹೊಗೆ ಉಗುಳತೊಡಗಿತು. ತಮ್ಮಯ್ಯ ಪೆಟ್ರೋಲು ಮಾರಿಕೊಂಡು ಟ್ಯಾಂಕಿಗೆ ಸೀಮೆಎಣ್ಣೆ ಸುರಿಯುತ್ತಿದ್ದಾನೆಂದು ಆರೋಪಿಸಿ, ಗೋಪಾಲಸ್ವಾಮಿ ಸ್ಟ್ಯಾಂಡಿನಲ್ಲಿ ಹನ್ನೆರಡು ಜನರ ಎದುರು ಅವನನ್ನು ಕಳ್ಳನೆಂದು ಕರೆದು ಕೀ ಕಿತ್ತುಕೊಂಡರು.

ಮಂಜುಳಾ ಗೋಪಾಲಸ್ವಾಮಿಯವರ ಮನೆಗೇ ಹೋದಳು. “ಸೀಮೆಎಣ್ಣೆ ಅಲ್ಲ ಸಾರ್. ಕಾರ್ಬುರೇಟರಿನಿಂದ ಪೆಟ್ರೋಲು ಜಾಸ್ತಿ ಹೋಗ್ತಿದೆ, ಗಾಳಿ ಸಾಲ್ತಿಲ್ಲ.”

“ಒಳಗೆ ಇಳಿದು ನೋಡ್ಕೊಂಡು ಬಂದ್ಯೇನಮ್ಮಾ?”

“ಇನ್ನೂ ಇಲ್ಲ. ಭಾನುವಾರ ನೋಡ್ತೀನಿ. ನೀವೂ ಬನ್ನಿ, ಸ್ಟ್ಯಾಂಡಿಗೆ. ಕಳ್ಳ ಅಂದಿದ್ದು ಅಲ್ಲೇ ತಾನೆ?”

ಅವಳ ಅಪ್ಪ ಮರಿಯಣ್ಣ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವರು. ಉಗಿ ಎಂಜಿನ್ನಿನ ಬಾಯ್ಲರಿನಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯೊಂದು ಅವರ ಪೆಟ್ಟಿಗೆಯಲ್ಲಿತ್ತು. ಆ ಗಾಜು ಶಾಖ, ಒತ್ತಡ ಎರಡನ್ನೂ ತಾಳುತ್ತದೆ. ಮಂಜುಳಾ ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಒಳಗಿನ ಉರಿ ಹೊರಗೆ ಕಾಣುವಂತೆ ಆ ಜಾಗಕ್ಕೆ ಕೊಳವೆಯ ತುಂಡು ಕೂರಿಸಿ, ನಡುವೆ ತಂತಿ ಹಾಯಿಸಿದಳು. ಮೊದಲ ತುಂಡು ಬಿಗಿಸುವಾಗಲೇ ಸೀಳಿತು. ಎರಡನೆಯದು ಗ್ಯಾರೇಜಿನ ಹಳೆಯ ಎಂಜಿನ್ನಿನಲ್ಲಿ ಅರ್ಧ ನಿಮಿಷ ಬಾಳಿತು. ಉಳಿದದ್ದು ಒಂದು.

“ಇದ್ನೂ ಇಲ್ಲೊಂದ್ಸಲ ಓಡಿಸಿ ನೋಡವ್ವ,” ಎಂದರು ಮರಿಯಣ್ಣ.

“ಒಡೆದ್ರೆ ಇನ್ನೊಂದು ಐತಾ ಅಪ್ಪಾ?”

“ಎಲ್ಲೈತೆ!”

“ಹಂಗಾದ್ರೆ ಒಡೆಯೋದಿದ್ರೆ ಅಲ್ಲೇ ಒಡೀಲಿ.”

ಭಾನುವಾರ ಸ್ಟ್ಯಾಂಡಿನಲ್ಲಿ ಅವಳು ಕಾರಿನ ನಾಲ್ಕು ಪ್ಲಗ್ಗುಗಳಲ್ಲಿ ಒಂದನ್ನು ಬಿಚ್ಚಿ ಗಾಜಿನ ಪ್ಲಗ್ ಹಾಕಿದಳು. ಕಾರ್ಬುರೇಟರಿನಲ್ಲಿದ್ದ ಪೆಟ್ರೋಲನ್ನು ಪೂರ್ತಿ ಇಳಿಸಿ, ಟ್ಯಾಂಕಿನ ಪೈಪು ಕಳಚಿ, ಗೋಪಾಲಸ್ವಾಮಿ ತಾವೇ ಬಂಕಿನಿಂದ ತಂದ ಬಾಟಲಿಯ ಪೆಟ್ರೋಲಿಗೆ ಜೋಡಿಸಿದಳು. ಬೆಳಕು ತಡೆಯಲು ಮೇಲೆ ಕಂಬಳಿ ಹಿಡಿಸಿದಳು.

“ಏನಮ್ಮಾ, ಎಂಜಿನ್‌ಗೆ ಕನ್ನಡಕ ಹಾಕ್ತಿದ್ದೀಯಾ?” ಎಂದ ಡ್ರೈವರ್ ಸಿದ್ದಬಸಪ್ಪ.

“ಎಂಜಿನ್‌ಗಲ್ಲ ಅಣ್ಣ, ನಿಮಗೆ.”

ಎಂಜಿನ್ ಚಾಲೂ ಆಯಿತು. ಕಂಬಳಿಯೊಳಗೆ ತಲೆ ತೂರಿಸಿದ ಗೋಪಾಲಸ್ವಾಮಿಗೆ ಗಾಜಿನಲ್ಲಿ ಸೆಕೆಂಡಿಗೆ ಆರೇಳು ಸಲ ಕಿತ್ತಳೆ ಬಣ್ಣದ ಉರಿ ಮಿಂಚುವುದು ಕಂಡಿತು.

“ಇದು ನೀವೇ ತಂದ ಪೆಟ್ರೋಲು. ಆದ್ರೂ ಉರಿ ಸರಿಯಿಲ್ಲ,” ಎಂದು ಮಂಜುಳಾ ಪೆಟ್ರೋಲು ಕಡಿಮೆಯಾಗುವಂತೆ ಕಾರ್ಬುರೇಟರಿನ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಿದಳು. ಉರಿ ಬಿಳಿಚಿತು, ಆಮೇಲೆ ಗ್ಯಾಸ್ ಒಲೆಯಂತೆ ನೀಲಿಯಾಯಿತು.

“ಸರಿ, ಸಾಕು ಬಿಡಮ್ಮ.”

“ಸಾಲದು ಸಾರ್. ಇನ್ನೂ ಟ್ಯಾಂಕಿನ ಪೆಟ್ರೋಲು ನೋಡಿಲ್ಲ. ಅನುಮಾನ ಇದ್ದದ್ದು ಅದರ ಮೇಲೆ.”

ಗಾಜಿನ ಬುಡದಿಂದ ಸಣ್ಣಗೆ ಗಾಳಿ ಸೋರುವ ಸದ್ದು ಬರುತ್ತಿತ್ತು. ಮರಿಯಣ್ಣ ಬೇಡವೆಂದು ಕೈಯಾಡಿಸಿದರು. ಅವಳು ಎಂಜಿನ್ ನಿಲ್ಲಿಸಿ ಬಾಟಲಿ ಪೆಟ್ರೋಲು ಇಳಿಸಿ, ಟ್ಯಾಂಕಿನ ಪೈಪು ಹಾಕಿ, ಮತ್ತೆ ಚಾಲೂ ಮಾಡಿದಳು. ಉರಿ ನೀಲಿಯೇ. ಸೀಮೆಎಣ್ಣೆ ಬೆರೆತಿದ್ದರೆ ಹಳದಿಗೆ ತಿರುಗಬೇಕಿತ್ತು. ಅಂದು ಎದುರಿದ್ದ ಹನ್ನೆರಡು ಜನವೂ ಒಬ್ಬೊಬ್ಬರಾಗಿ ಕಂಬಳಿಯೊಳಗೆ ಬಗ್ಗಿ ನೋಡಿದರು.

ಗೋಪಾಲಸ್ವಾಮಿ ಜೇಬಿನಿಂದ ಕಾರಿನ ಇನ್ನೊಂದು ಕೀ ತೆಗೆದು ಪಕ್ಕದಲ್ಲಿದ್ದ ತಮ್ಮಯ್ಯನಿಗೆ ಚಾಚಿದರು. ಅವನು ಕೈ ಕಟ್ಟಿಕೊಂಡೇ ನಿಂತ. “ಕಳ್ಳ ಅಂದ್ರಲ್ಲ ಸ್ವಾಮಿ. ಅಲ್ಲ ಅನ್ನಿ, ಆಮೇಲೆ ಇಸ್ಕೊತೀನಿ.”

ಗೋಪಾಲಸ್ವಾಮಿ ನೆಲ ನೋಡುತ್ತ ಏನೋ ಗೊಣಗಿದರು.

“ಎಂಜಿನ್ ಸದ್ದಿಗೆ ಕೇಳಿಸ್ಲಿಲ್ಲ ಸಾರ್,” ಎಂದಳು ಮಂಜುಳಾ. ಕಾರಿನೊಳಕ್ಕೆ ಕೈ ಹಾಕಿ ಎಂಜಿನ್ ಆರಿಸಿದಳು. “ಈಗ ಹೇಳಿ.”