ಅತ್ತೆಯ ಬೆಚ್ಚಗಿನ ಅನ್ನ

ಆರಿದ ಅನ್ನವನ್ನು ನೆಂಟರಿಗೆ ಬಡಿಸುವುದೆಂದರೆ ನನ್ನ ಅತ್ತೆಗೆ ಮನೆಯ ಮರ್ಯಾದೆ ಹೋದಂತೆ. ಹಾಗಾಗಿ ನನ್ನ ಮಗಳ ತೊಟ್ಟಿಲು ಕಾರ್ಯದ ದಿನ ನಸುಕಿನಲ್ಲೇ ಅನ್ನ ಮಾಡಿ, ದೊಡ್ಡ ಪಾತ್ರೆಗೆ ಕಂಬಳಿ ಸುತ್ತಿಟ್ಟರು. ನಂದಿಗುಡಿಯಿಂದ ನೆಂಟರು ಬರುವುದು ತಡವಾಗಿ, ಎಲ್ಲರೂ ಊಟಕ್ಕೆ ಕೂತಾಗ ಮಧ್ಯಾಹ್ನ ಇಳಿದಿತ್ತು. ಅನ್ನ ಇನ್ನೂ ಬೆಚ್ಚಗಿತ್ತು. ಅತ್ತೆ ಹೆಮ್ಮೆಯಿಂದ ಬಡಿಸಿದರು.

ಸಂಜೆಯೊಳಗೆ ಅರ್ಧ ಬಳಗಕ್ಕೆ ವಾಂತಿ. ಮರುದಿನ ಎಲ್ಲರೂ ಚೇತರಿಸಿಕೊಂಡರು, ಆದರೆ ಅಷ್ಟರಲ್ಲಿ ತೀರ್ಪು ಹೊರಬಿದ್ದಿತ್ತು: ಮೊಸರು ಕೆಟ್ಟಿತ್ತು. ಮೊಸರು ತಂದುಕೊಟ್ಟವಳು ವಿನೋಬನಗರದ ಹೆಂಗಸು, ಅದನ್ನೇ ಮಾರಿ ಮನೆ ನಡೆಸುವವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದರಲ್ಲಿ ನಮ್ಮ ಬಳಗಕ್ಕೆ ಸಾಟಿಯಿಲ್ಲ. ಫೋನಿನಲ್ಲೇ ಸುದ್ದಿ ಹಬ್ಬಿ ಅವಳ ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು.

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮೇಲಿನವರನ್ನು ಕೇಳಿ, ಉಳಿದಿದ್ದ ಅನ್ನ, ಮೊಸರು ಎರಡನ್ನೂ ಪರೀಕ್ಷಿಸಿದೆ. ಅನ್ನದಲ್ಲಿ ಬ್ಯಾಸಿಲಸ್ ಎಂಬ ಸೂಕ್ಷ್ಮಜೀವಿ ತುಂಬಿತ್ತು, ಮೊಸರಿನಲ್ಲಿ ಅದರ ಸುಳಿವೇ ಇರಲಿಲ್ಲ.

ಅಡುಗೆಮನೆಯಲ್ಲಿ ಅತ್ತೆಗೆ ಬಿಡಿಸಿ ಹೇಳಿದೆ. ಇದು ಮಣ್ಣಿನ ಸೂಕ್ಷ್ಮಜೀವಿ, ಭತ್ತದ ಜೊತೆ ಅಕ್ಕಿಗೂ ಬರುತ್ತದೆ. ಕುದಿಸಿದರೆ ಬೀಜದ ಹಾಗೆ ಗಟ್ಟಿ ಕವಚದೊಳಗೆ ಅಡಗಿ ಕೂರುತ್ತದೆ. ಬಿಸಿ ಇಳಿದು ಬೆಚ್ಚಗಾದಾಗ ಎದ್ದು ಬೆಳೆದು ವಿಷ ಬಿಡುತ್ತದೆ. ಮತ್ತೆ ಕಾಯಿಸಿದರೂ ಆ ವಿಷ ಹೋಗುವುದಿಲ್ಲ. ಇದೇ ಜೀವಿ ಗದ್ದೆಯ ಮಣ್ಣಿನೊಂದಿಗೆ ಕಣ್ಣಿನ ಗಾಯಕ್ಕೆ ಹೊಕ್ಕರೆ ದೃಷ್ಟಿಯನ್ನೇ ಕಳೆಯಬಲ್ಲದು.

“ಕುದಿಯೋ ನೀರಾಗೂ ಸಾಯಂಗಿಲ್ಲಾ?”

“ಇಲ್ಲ ಅತ್ತಿ.”

“ಭಾರಿ ಗಟ್ಟಿ ಜೀವ ಐತೆ ಬಿಡು,” ಎಂದರು. ದನಿಯಲ್ಲಿ ನಿಜವಾದ ಮೆಚ್ಚುಗೆಯಿತ್ತು, ನನಗೆ ನಗು ಬಂತು. ಅತ್ತೆ ನಗಲಿಲ್ಲ. “ಅವತ್ತು ಕೊನೀಗೆ ನಾನು ಅನ್ನ ಬಿಟ್ಟು ರೊಟ್ಟಿ ಜೊತಿಗೆ ಅದೇ ಮೊಸರು ಉಂಡಿದ್ದೆ. ನನಗೇನೂ ಆಗ್ಲಿಲ್ಲ. ಆವಾಗ್ಲೇ ಅನುಮಾನ ಬಂದಿತ್ತು.”

ಎಲ್ಲರಿಗೂ ಫೋನ್ ಮಾಡಿ ತಿಳಿಸಿದರಾಯಿತು ಎಂದೆ.

“ಆಕಿ ಹೆಸರು ಬೀದ್ಯಾಗ ಹೋಗೈತೆ. ಫೋನಿನಾಗ ವಾಪಸ್ ಬರತೈತೇನು?”

ಆಟೋ ಹಿಡಿದು ವಿನೋಬನಗರಕ್ಕೆ ಹೋದೆವು. ಅವಳ ಬಾಗಿಲಲ್ಲಿ ಮೊಸರಿನ ಗಡಿಗೆಗಳನ್ನು ಬೋರಲು ಹಾಕಿತ್ತು. ಅತ್ತೆ ಒಳಗೆ ಹೋಗದೆ ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿದರು: “ಕೆಟ್ಟಿದ್ದು ನನ್ನ ಕೈಯ ಅನ್ನ. ಈಕಿ ಮೊಸರಲ್ಲ.” ಅಡುಗೆಯ ಹೆಸರೊಂದೇ ಅವರ ಜೀವಮಾನದ ಗಳಿಕೆ. ಇವರು ನನ್ನ ಅತ್ತೆ ಎಂಬ ಅಭಿಮಾನದಿಂದ ನಾನು ಅವರ ಪಕ್ಕಕ್ಕೆ ಹೋಗಿ ನಿಂತೆ.

ಆ ಹೆಂಗಸು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. “ನೀವು ಬರದಿದ್ರ ನಾನೇನು ಮಾಡಂಗಿದ್ದೆ, ಅಕ್ಕಾರ?”

ಅತ್ತೆ, ಮನೆಯಲ್ಲಿ ಎಷ್ಟಿದೆಯೋ ಅಷ್ಟು ಮೊಸರು ತಾ ಎಂದರು. ಆಮೇಲೆ ಕಟ್ಟೆಯ ಮೇಲೆ ಕೂತು, ಬೀದಿಯ ಕಣ್ಣೆದುರು, ಒಂದು ಲೋಟ ಪೂರ್ತಿ ಕುಡಿದರು.