ನೀರೊಳಗಿನ ವಿಳಾಸ

೨೦೦೬ರ ಬೇಸಿಗೆ. ಮಹಾಲಿಂಗಪುರದವಳಾದ ನಾನು ಬೀಳಗಿ ತಾಲೂಕಿನ ಒಂದು ಹಳ್ಳಿಗೆ ನರ್ಸ್ ಆಗಿ ಬಂದು ನಾಲ್ಕೇ ದಿನವಾಗಿತ್ತು. ಹತ್ತಿರದಲ್ಲೇ ಒಂದು ಪುನರ್ವಸತಿ ಊರಿತ್ತು. ಹೊಳೆದಂಡೆಯ ಹಳೆಯ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಜನರನ್ನು ಅಲ್ಲಿಗೆ ತಂದಿದ್ದರು. ಅದೂ ನನ್ನ ಪಾಲಿಗೇ ಬಂದಿತ್ತು.

ಮಧ್ಯಾಹ್ನ ಅಲ್ಲಿಂದ ಫೋನ್ ಬಂತು. “ಬಾಯಾರ, ನಮ್ಮ ಸೊಸಿಗೆ ಹೆರಿಗಿ ಬ್ಯಾನಿ ಸುರು ಆಗ್ಯಾವರಿ, ಲಗೂನ ಬರ್ರಿ. ಅಗಸಿಯಿಂದ ಎಡಕ್ಕ, ಬೀರಪ್ಪನ ಗುಡಿ ದಾಟಿ, ಹೊಳಿ ಕಡೆ ಕಡೀ ಮನಿ.” ಹೆಸರು ಕೇಳುವಷ್ಟರಲ್ಲಿ ಕಾಯಿನ್ ಫೋನ್ ಕಟ್ಟಾಯಿತು.

ಸಿಕ್ಕ ಬಸ್ಸು ಹತ್ತಿ ನೀರಿನ ಟಾಕಿಯ ಬುಡದಲ್ಲಿ ಇಳಿದೆ. ಅಗಸೆ ಎನ್ನುವ ಊರಬಾಗಿಲೂ ಇಲ್ಲ, ಹೊಳೆಯೂ ಇಲ್ಲ. ಎತ್ತ ನೋಡಿದರೂ ಒಂದೇ ನಮೂನೆಯ ಮನೆಗಳು. ಆ ಉರಿಬಿಸಿಲಿನಲ್ಲಿ ಊರ ಇನ್ನೊಂದು ತುದಿಯವರೆಗೆ ಹೋದಾಗ ಕಟ್ಟೆಯ ಮೇಲೆ ಮೂವರು ಹಿರಿಯರು ಸಿಕ್ಕರು.

“ಅಗಸಿ ಎಲ್ಲೈತ್ರಿ?”

“ನೀರಾಗ.”

“ಬೀರಪ್ಪನ ಗುಡಿ?”

“ಹಳೇದು ಅದೂ ನೀರಾಗ್ರಿ. ಹೊಸಾದು ಇನ್ನೂ ಕಟ್ಟಾಕತ್ತೇವಿ.”

“ಹೊಳಿ ಕಡೆ ಕಡೀ ಮನಿ ಯಾರದ್ರಿ?”

“ಮಲ್ಲಪ್ಪಂದು” ಎಂದರು ಒಬ್ಬರು. ಇನ್ನೊಬ್ಬರು ಸಿಟ್ಟಾದರು. “ಅಲ್ಲಲೇ, ಮಲ್ಲಪ್ಪನ ಮನಿ ಬಾಜೂಕ ದನಾ ನೀರಿಗೆ ಇಳಿಯೂ ದಾರಿ ಇತ್ತು. ಅದರ ಆಚಿಗೆ ಭೀಮಪ್ಪಂದು.” “ಆಚಿಗೆ ಹುಣಸಿ ಗಿಡ ಇತ್ತಪಾ!” ಎಂದು ಮೂರನೆಯವರು ಬಾಯಿ ಹಾಕಿದರು. ಮುಳುಗಿದ ಊರನ್ನು ಮೂವರೂ ಕಟ್ಟೆಯ ಮೇಲೆ ಬೆರಳಿನಿಂದ ಗೀಚತೊಡಗಿದರು. ಅಲ್ಲಿ ಒಬ್ಬಳ ಜೀವ ಹೋಗುತ್ತಿದೆ, ಇಲ್ಲಿ ಇವರಿಗೆ ಹುಣಸೆಗಿಡ! ನನ್ನ ಮೈ ಉರಿದುಹೋಯಿತು.

“ಬಸರಿ ಸೊಸಿ ಯಾರ ಮನ್ಯಾಗ ಅದಾಳ, ಅಷ್ಟ ಹೇಳ್ರಿ!” ಎಂದು ಚೀರಿದೆ.

“ಹಂಗ ಕೇಳ್ರಿ ಮತ್ತ! ಭೀಮಪ್ಪನ ಮನ್ಯಾಗ. ಈಗ ನೀರಿನ ಟಾಕಿ ಹಿಂದ ಅದಾರ.”

ನಾನು ಬಸ್ಸಿಳಿದ ಜಾಗ! ಮನಸ್ಸಿನಲ್ಲೇ ಮೂವರನ್ನೂ ಶಪಿಸುತ್ತ ಓಡಿದೆ.

ಒಳಗೆ ಹೋದಾಗ ಕೂಸಿನ ತಲೆ ಆಗಲೇ ಹೊರಬಂದಿತ್ತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಮುಖ ನೀಲಿಗಟ್ಟಿತ್ತು. ಬಳ್ಳಿಯನ್ನು ಬಿಡಿಸಿದೆ. ಕೂಸು ಹೊರಬಂತು, ಆದರೆ ಅಳಲಿಲ್ಲ. ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ. ಕಡೆಗೆ ಒಮ್ಮೆಲೇ ಕಿಟಾರನೆ ಕಿರುಚಿತು. ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿದೆ.

ಕೈ ತೊಳೆದುಕೊಂಡು ಹೊರಗೆ ಬಂದು, ಫೋನ್ ಮಾಡಿದ್ದ ಭೀಮಪ್ಪನವರಿಗೆ ಬೈದೆ. “ಮನಿ ನಂಬರ ಹೇಳಾಕ ಏನ ಆಗಿತ್ರಿ ನಿಮಗ?”

ಅವರು ಕಣ್ಣೊರೆಸಿಕೊಂಡರು. “ನಂಬರ ಯಾರಿಗೆ ನೆನಪಿರ್ತೈತ್ರಿ ಬಾಯಾರ? ಗಾಬರ್ಯಾಗ ನಮ್ಮ ಮನೀನ ಬಾಯಾಗ ಬಂತು.”

ಆಮೇಲೆ ಆರು ವರ್ಷ ಅಲ್ಲೇ ದುಡಿದೆ. ಮನೆ ನಂಬರು ಬಾಯಿಪಾಠ ಮಾಡಿರೆಂದು ಹೇಳಿ ಹೇಳಿ ನನಗೆ ಸಾಕಾಯಿತೇ ಹೊರತು ಒಬ್ಬರೂ ಮಾಡಲಿಲ್ಲ. ವರ್ಗವಾಗಿ ಮುಧೋಳಕ್ಕೆ ಬಂದ ಮೇಲೆ ಒಂದು ದಿನ ಅಲ್ಲಿಯ ಹೊಸ ನರ್ಸ್ ಫೋನ್ ಮಾಡಿ, “ಅಕ್ಕಾ, ಮಲ್ಲಪ್ಪನ ಮನೆ ಎಲ್ಲಿ?” ಎಂದಳು.

“ಅಗಸಿಯಿಂದ ಎಡಕ್ಕ, ಭೀಮಪ್ಪನ ಮನಿಗಿಂತ ಒಂದು ಮನಿ ಈಚೆಗೆ” ಎಂದೆ.

“ಯಾವ ಅಗಸಿ ಅಕ್ಕಾ?” ಎಂದು ಅವಳು ಸಿಡುಕಿದಳು. ನಾನು ಹಣೆ ಚಚ್ಚಿಕೊಂಡೆ. ಆ ಅಗಸೆಯನ್ನು ನಾನು ಕಣ್ಣಾರೆ ಕಂಡೇ ಇಲ್ಲ.