ಗೊತ್ತಿಲ್ಲದ್ದೆಲ್ಲ ಪ್ರಿಂಟರ್

ಮರಾಠಿ ಸೀಮೆಯ ಭೋಸರಿಯ ಒಂದು ಗಿಯರ್ ಕಾರ್ಖಾನೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ಕಂಪ್ಯೂಟರ್, ಕ್ಯಾಮೆರಾ, ತೂಕದ ಯಂತ್ರ, ಯಾವುದನ್ನು ಜೋಡಿಸಿದರೂ ನಮ್ಮ ಸಾಫ್ಟ್‌ವೇರ್ ಅದನ್ನು 'ನೀನು ಯಾರು' ಎಂದು ಕೇಳುತ್ತದೆ. ಬಂದ ಉತ್ತರವನ್ನು ನಾವು ಬರೆದಿಟ್ಟ ನಿಯಮಗಳಿಗೆ ಹೋಲಿಸಿ ಗುರುತು ಹಚ್ಚುತ್ತದೆ. ಹೊಂದದೇ ಇದ್ದದ್ದು 'ಗುರುತಿಲ್ಲ' ಎಂಬ ಪಟ್ಟಿಗೆ ಬೀಳುತ್ತದೆ. ಆ ಪಟ್ಟಿ ಹಿಡಿದು ಶೆಡ್ಡಿನಿಂದ ಶೆಡ್ಡಿಗೆ ಅಲೆದು, ಒಂದೊಂದನ್ನೂ ಕಣ್ಣಾರೆ ಕಂಡು ನಾನು ನಿಯಮ ಬರೆಯುತ್ತಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥ ಬೆಳಗಾವಿ ಕಡೆಯವನು. ಬೂಟಿಗೆ ಎಣ್ಣೆ ಹತ್ತೀತೆಂದು ಶೆಡ್ಡಿಗೆ ಕಾಲಿಡದ ಮನುಷ್ಯ. ಮೀಟಿಂಗಿನಲ್ಲಿ ಇಂಗ್ಲಿಷು, ಮೇಲಿನವರ ಮುಂದೆ ಮರಾಠಿ. ನನ್ನ ಮೇಲೆ ಕೆಲಸ ಹೇರುವಾಗ ಮಾತ್ರ ಕನ್ನಡ. ಗ್ರಾಹಕ ಕಂಪನಿಯವರು ತಪಾಸಣೆಗೆ ಬರುವ ಮುನ್ನಾದಿನ ನನ್ನ ಮೇಜಿಗೆ ಬಂದು ಪರದೆಯ ಮೇಲೆ ಬೆರಳಿಟ್ಟ.

"ಈ 'ಗುರುತಿಲ್ಲ' ಅನ್ನೋದು ನಾಳೆ ಕಾಣಬಾರ್ದು ನೋಡ್ರಿ."

"ಹನ್ನೊಂದು ಉಳದಾವ್ರಿ ಸರ್. ಹೋಗಿ ನೋಡಬೇಕು. ಎರಡು ದಿನ ಕೊಡ್ರಿ."

"ನೋಡೋದೇನದ? ಕಡೀಗೊಂದು ನಿಯಮ ಹಾಕ್ರಿ. ಯಾವುದಕ್ಕೂ ಹೊಂದಲಿಲ್ಲಂದ್ರ ಅದು ಪ್ರಿಂಟರ್. ಪ್ರಿಂಟರ್ ಬಗ್ಗೆ ಯಾರು ಕೇಳ್ತಾರ?"

"ತಪ್ಪಾಗ್ತದ್ರಿ."

"ಭಾಳ ಶಾಣ್ಯಾರಾಗಬ್ಯಾಡ್ರಿ."

ಅವನು ಬೆನ್ನ ಹಿಂದೆ ನಿಂತಿರುವಾಗಲೇ ನಿಯಮ ಬರೆದು ಸೇವ್ ಮಾಡಿದೆ. ಮರುದಿನ ಬಂದವರು ಸ್ವಚ್ಛ ಪರದೆ ಕಂಡು ತಲೆದೂಗಿದರು. ತಾನೇ ರಾತ್ರಿ ಹಗಲು ದುಡಿದವನಂತೆ ಅವನು ಬೀಗಿದ.

ಪ್ರಿಂಟರ್ ಎಂದು ಗುರುತಾದವೆಲ್ಲ ಶನಿವಾರ ಮಧ್ಯಾಹ್ನ ತಾವಾಗಿಯೇ ಆಫ್ ಆಗಿ ಮತ್ತೆ ಆನ್ ಆಗುವಂತೆ ಹಿಂದೆಂದೋ ಏರ್ಪಾಡು ಮಾಡಿದ್ದೆವು. ನನಗದು ನೆನಪಾಗಲಿಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ಆ ಹನ್ನೊಂದರಲ್ಲಿ ಗಿಯರುಗಳನ್ನು ಗಟ್ಟಿ ಮಾಡುವ ಕುಲುಮೆಯ ಶಾಖ ದಾಖಲಿಸುವ ಪೆಟ್ಟಿಗೆಯೂ ಒಂದು. ಶನಿವಾರ ಅದೂ ಆಫ್ ಆಯಿತು. ದಾಖಲೆಯಲ್ಲಿ ಕೆಲವು ನಿಮಿಷ ಖಾಲಿ ಬಿತ್ತು. ಅಂಥ ದಾಖಲೆಯ ಗಿಯರನ್ನು ಗ್ರಾಹಕರು ಒಪ್ಪುವುದಿಲ್ಲ. ಒಂದಿಡೀ ಪಾಳಿಯ ಮಾಲು ಗುಜರಿಗೆ ಹೋಯಿತು.

ಕುಲುಮೆ ನಡೆಸುವ ಅಥಣಿಯ ಹಿರಿಯರು ನನ್ನನ್ನು ಹುಡುಕಿಕೊಂಡು ಬಂದರು. "ಅಕ್ಕಾರ, ನನ್ನ ಪೆಟ್ಟಿಗಿಗೆ ಪ್ರಿಂಟರ್ ಅಂದೀರಂತ? ಒಂದ್ ಮಾತು ನನ್ನ ಕೇಳಿದ್ರ ಹೇಳ್ತಿದ್ದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಚುಚ್ಚಿತು.

ಸೋಮವಾರ ವಿಚಾರಣೆ. ಮುಖ್ಯಸ್ಥ ಬದಲಾವಣೆಗಳ ಪಟ್ಟಿ ತೆರೆದು, ಮ್ಯಾನೇಜರ ಮುಂದೆ ಮರಾಠಿಯಲ್ಲಿ ಹೇಳಿದ: ನಿಯಮ ಹಾಕಿದ್ದು ಈಕೆ, ಇಲ್ಲಿ ಈಕೆಯ ಹೆಸರೇ ಇದೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಸುಳ್ಳು ಹೇಳಲೂ ಬೆನ್ನೆಲುಬು ಬೇಕು. ಇವನು ನನ್ನ ಹೆಸರಿನ ಮರೆಯಲ್ಲಿ ಕುಳಿತು ಅರ್ಧಸತ್ಯ ಉಗುಳಿದ.

"ಹೌದ್ರಿ, ಹಾಕಿದಾಕಿ ನಾನ," ಎಂದು ಅವನಿಗೇ ಕನ್ನಡದಲ್ಲಿ ಹೇಳಿದೆ. "ಹಾಕು ಅಂದವರು ಯಾರು ಅನ್ನೋದನ್ನೂ ಹೇಳ್ರಿ ಸರ್." ಅವನು ನೀರು ಕುಡಿದ. ಕನ್ನಡ ಬಾರದ ಮ್ಯಾನೇಜರು ಅರ್ಥವೇನೆಂದು ಕೇಳಲಿಲ್ಲ. ಎಚ್ಚರಿಕೆ ಪತ್ರ ನನಗೆ ಬಂತು.

ಆ ನಿಯಮವನ್ನು ಅಂದೇ ಅಳಿಸಿದೆ. ಅಥಣಿಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹನ್ನೊಂದನ್ನೂ ನೋಡಿ ಮುಗಿಸಲು ಒಂದೇ ದಿನ ಸಾಕಾಯಿತು.

ಕೆಲವು ತಿಂಗಳಲ್ಲಿ ಮುಖ್ಯಸ್ಥನಿಗೆ ರಾಂಜಣಗಾಂವದ ಘಟಕಕ್ಕೆ ಬಡ್ತಿಯಾಯಿತು. ಬೀಳ್ಕೊಡುಗೆಯ ದಿನ ಹಾರ ಹಾಕಿಕೊಂಡೇ ಬಂದು ಕೈ ಚಾಚಿದ. ನಾನೂ ಕೈ ಕೊಟ್ಟೆ. ಅವನ ಮೇಲಿನ ತಿರಸ್ಕಾರ ಎಂದಾದರೂ ಹೋದೀತು, ಅವನ ಕೈ ಕುಲುಕಿದ ನನ್ನ ಕೈಯ ಮೇಲಿನದು ಇನ್ನೂ ಹೋಗಿಲ್ಲ.